ತಟ್ಟೆ ಎಸೆಯುವವರ ಲೆಕ್ಕಾಚಾರ: ಪಾಯಿಂಟು ಬೇರೆ, ರೇಟಿಂಗು ಬೇರೆ

ಡಿಸ್ಕ್ ಗಾಲ್ಫ್ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಈ ಪುಟ ಮುಚ್ಚಿ ಪಕ್ಕದ ಬ್ಲಾಗಿಗೆ ಹೋಗ್ತೀರಿ ಅಂತ ನನಗೆ ಗೊತ್ತು. ಸ್ವಲ್ಪ ತಾಳಿ ಮಾರಾಯ್ರೇ. ಇವತ್ತು ಬರೀತಿರೋದು ಅಂಕ ಕೊಡುವ ಪದ್ಧತಿಯ ಬಗ್ಗೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಅಂತ ಅಂಕದ ಗಾಣಕ್ಕೆ ಕತ್ತು ಕೊಟ್ಟು ಬಂದವರೇ ನಾವೆಲ್ಲ. ಹಾಗಾಗಿ ಆಟ ಗೊತ್ತಿಲ್ಲದಿದ್ದರೂ ಜಗಳ ಅರ್ಥವಾಗುತ್ತೆ :)

ಮೊದಲು ಆಟ ಎರಡು ಮಾತಲ್ಲಿ. ಗಾಲ್ಫಿನಲ್ಲಿ ಚೆಂಡು ಮತ್ತು ಕುಳಿ. ಇಲ್ಲಿ ಪ್ಲಾಸ್ಟಿಕ್ ತಟ್ಟೆ ಮತ್ತು ಕಬ್ಬಿಣದ ಬುಟ್ಟಿ. ಬುಟ್ಟಿಯ ಮೇಲೆ ಸರಪಳಿಗಳು ಜೋತಾಡ್ತಿರುತ್ತವೆ. ತಟ್ಟೆ ಸರಪಳಿಗೆ ಬಡಿದು ಝಲ್ ಅಂತ ಸದ್ದು ಮಾಡಿ ಬುಟ್ಟಿಗೆ ಬೀಳಬೇಕು. ಎಷ್ಟು ಕಡಿಮೆ ಎಸೆತಕ್ಕೆ ಬೀಳುತ್ತೋ ಅಷ್ಟು ಒಳ್ಳೆಯದು. ಸಾಮಾನ್ಯವಾಗಿ ಹದಿನೆಂಟು ಬುಟ್ಟಿಗೆ ಒಂದು ಸುತ್ತು. ಅಮೆರಿಕದಲ್ಲಿ ಬಹುಪಾಲು ಕೋರ್ಸುಗಳು ಇರುವುದು ಸಾರ್ವಜನಿಕ ಪಾರ್ಕುಗಳಲ್ಲಿ, ಎಷ್ಟೋ ಕಡೆ ಪುಕ್ಕಟೆ. ಒಂದು ತಟ್ಟೆ ಕೊಂಡರೆ ಆಟ ಶುರು. ದುಡ್ಡಿದ್ದವರ ಗಾಲ್ಫಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನನ್ನ ಅನಿಸಿಕೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇದನ್ನೆಲ್ಲ ಒಂದು ರೂಪಕ್ಕೆ ತಂದವರು ಎಡ್ ಹೆಡ್ರಿಕ್. ಫ್ರಿಸ್ಬೀ ಮಾಡುವ ವ್ಯಾಮ್-ಓ ಕಂಪನಿಯಲ್ಲಿದ್ದವರು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಕೋರ್ಸ್ ಹಾಕಿಸಿದರು. ಸರಪಳಿ ಬುಟ್ಟಿಯೂ ಅವರದೇ. 1976ರಲ್ಲಿ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್, ಅಂದರೆ ಪಿಡಿಜಿಎ ಹುಟ್ಟಿತು. ಅದರ ಒಂದನೇ ನಂಬರಿನ ಸದಸ್ಯರೂ ಅವರೇ. 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ತಟ್ಟೆಗಳನ್ನು ಮಾಡಿದರು! ನಾವು ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಯಲ್ಲಿ ಬಿಡ್ತೀವಿ, ಇವರು ಎಸೆದು ಆಡೋದಕ್ಕೆ ಬಿಟ್ಟುಹೋದರು. ಇರಲಿ, ವಿಷಯಕ್ಕೆ ಬರ್ತೀನಿ.

ಈ ಪಿಡಿಜಿಎ ಪ್ರತಿ ಆಟಗಾರನಿಗೂ ಎರಡು ಸಂಖ್ಯೆ ಅಂಟಿಸುತ್ತೆ. ಒಂದು ರೇಟಿಂಗ್, ಇನ್ನೊಂದು ಪಾಯಿಂಟ್. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ. ವಾಸ್ತವದಲ್ಲಿ ಒಂದು ಅಳತೆಗೋಲು, ಇನ್ನೊಂದು ಹಾಜರಿ ಪುಸ್ತಕ. ನನ್ನ ತಕರಾರು ಇರುವುದು, ಬಹಳ ಕಾಲದಿಂದ ಅಳತೆಗೋಲು ಮಾಡಬೇಕಾದ ಕೆಲಸವನ್ನು ಹಾಜರಿ ಪುಸ್ತಕದ ಕೈಲಿ ಮಾಡಿಸ್ತಿದ್ದಾರೆ ಅನ್ನೋದು.

ರೇಟಿಂಗಿನಿಂದ ಶುರು ಮಾಡ್ತೀನಿ, ಯಾಕಂದ್ರೆ ಅದು ನಿಜವಾಗಿಯೂ ಚೆಂದದ ವಸ್ತು. ಎರಡು ಕೋರ್ಸುಗಳು ಒಂದೇ ಥರ ಇರೋದಿಲ್ಲ. ಒಂದು ಕಡೆ ದಟ್ಟ ಕಾಡು, ಒಂದು ಕಡೆ ಬಯಲು, ಮತ್ತೊಂದು ಕಡೆ ಕೆರೆ. ಅದೇ ಕೋರ್ಸ್ ಕೂಡ ಗಾಳಿ ಬೀಸುವ ದಿನ ಬೇರೆ, ಬೀಸದ ದಿನ ಬೇರೆ. ಹಾಗಿದ್ದಾಗ "ನಾನು 58 ಎಸೆತದಲ್ಲಿ ಮುಗಿಸಿದೆ" ಅಂದರೆ ಅದಕ್ಕೇನು ಅರ್ಥ? ಏನೂ ಇಲ್ಲ. ಅದಕ್ಕೆ ಇವರು ಮಾಡಿದ ಉಪಾಯ ನೋಡಿ. ಆ ದಿನ, ಆ ಕೋರ್ಸಿನಲ್ಲಿ ಆಡಿದವರ ಪೈಕಿ ಆಗಲೇ ಗಟ್ಟಿ ರೇಟಿಂಗ್ ಇರುವವರನ್ನು ತಗೊಳ್ತಾರೆ. ಅವರ ರೇಟಿಂಗ್ ಎಷ್ಟು, ಇವತ್ತು ಎಷ್ಟು ಎಸೆತ ತಗೊಂಡರು ಅಂತ ಹೋಲಿಸ್ತಾರೆ. ಅದರಿಂದ "ಇವತ್ತು ಈ ಕೋರ್ಸಿನಲ್ಲಿ 1000 ರೇಟಿಂಗಿನ ಆಟಗಾರ ಎಷ್ಟು ಎಸೆತದಲ್ಲಿ ಮುಗಿಸುತ್ತಿದ್ದ" ಅನ್ನೋದು ಸಿಗುತ್ತೆ. ಉಳಿದವರೆಲ್ಲರ ಅಂಕ ಅಲ್ಲಿಂದ ಲೆಕ್ಕ. ಸಾಧಾರಣ ಉದ್ದದ ಕೋರ್ಸಿನಲ್ಲಿ ಒಂದು ಎಸೆತಕ್ಕೆ ಹೆಚ್ಚೂಕಡಿಮೆ ಹತ್ತು ಅಂಕ. ಚಿಕ್ಕ ಕೋರ್ಸಿನಲ್ಲಿ ಒಂದು ಎಸೆತದ ಬೆಲೆ ಜಾಸ್ತಿ, ಉದ್ದನೆಯದರಲ್ಲಿ ಕಡಿಮೆ.

ಉದಾಹರಣೆಗೆ ಶನಿವಾರ ಗಾಳಿ. ಸಾವಿರದವನ ಅಳತೆ 54 ಅಂತ ಬಂತು. ನೀವು 64 ಎಸೆದಿರಿ. ನಿಮ್ಮ ಆ ಸುತ್ತಿನ ರೇಟಿಂಗ್ ಸುಮಾರು 900. ಭಾನುವಾರ ಗಾಳಿ ಇಲ್ಲ, ಅಳತೆ 50ಕ್ಕೆ ಇಳಿಯಿತು, ನೀವು 60 ಎಸೆದಿರಿ. ಮತ್ತೆ ಸುಮಾರು 900! ಮನೆಗೆ ಬಂದು "ನಿನ್ನೆಗಿಂತ ನಾಲ್ಕು ಎಸೆತ ಕಡಿಮೆ" ಅಂತ ಬೀಗುವ ಹಾಗಿಲ್ಲ. ಗಾಳಿಯನ್ನು ಯಾರೂ ಅಳೆಯಲಿಲ್ಲ, ಮರಗಳನ್ನು ಯಾರೂ ಎಣಿಸಲಿಲ್ಲ, ಆಟಗಾರರೇ ಗಾಳಿಯ ಮಾಪಕ ಆದರು. ಕಷ್ಟದ ಪ್ರಶ್ನೆಪತ್ರಿಕೆ ಬಂದ ವರ್ಷ ಎಲ್ಲರ ಅಂಕವೂ ಬಿದ್ದು ರ್‍ಯಾಂಕು ಮಾತ್ರ ಅಲುಗಾಡದೆ ಇರುತ್ತಲ್ಲ, ಹಾಗೆ.

ಇಂಥ ಸುತ್ತುಗಳ ಕಳೆದ ಹನ್ನೆರಡು ತಿಂಗಳ ಸರಾಸರಿಯೇ ನಿಮ್ಮ ರೇಟಿಂಗ್. ಇತ್ತೀಚಿನ ಕಾಲು ಭಾಗ ಸುತ್ತುಗಳಿಗೆ ಎರಡರಷ್ಟು ತೂಕ. ನಿಮ್ಮ ಸರಾಸರಿಗಿಂತ ನೂರು ಅಂಕಕ್ಕೂ ಹೆಚ್ಚು ಕೆಳಗೆ ಹೋದ ಸುತ್ತನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಇದು ಕರುಣೆ ಅಂತ ಕೆಲವರು ಅಂದುಕೊಂಡಿದ್ದಾರೆ. ಕರುಣೆಯ ಜತೆಗೆ ಕಾವಲು ಕೂಡ ಹೌದು. ಯಾಕಂದ್ರೆ ಹವ್ಯಾಸಿಗಳ ವಿಭಾಗಗಳು ರೇಟಿಂಗ್ ಮೇಲೆ ನಿಂತಿವೆ. 900ಕ್ಕಿಂತ ಕೆಳಗಿನವರಿಗೆ ಒಂದು, 850ಕ್ಕಿಂತ ಕೆಳಗಿನವರಿಗೆ ಇನ್ನೊಂದು. ಬೇಕಂತಲೇ ನಾಲ್ಕು ಸುತ್ತು ಕೆಟ್ಟದಾಗಿ ಆಡಿ ರೇಟಿಂಗ್ ಇಳಿಸಿಕೊಂಡು, ಎಳೆಯರ ವಿಭಾಗಕ್ಕೆ ನುಗ್ಗಿ ಬಹುಮಾನ ಹೊಡೆಯುವ ಮಹಾನುಭಾವರು ಎಲ್ಲ ಆಟದಲ್ಲೂ ಇರ್ತಾರೆ. ತೀರಾ ಹಾಳಾದ ಸುತ್ತು ಲೆಕ್ಕಕ್ಕೇ ಬರದಿದ್ದರೆ ಅವರ ಕೆಲಸ ಸ್ವಲ್ಪ ಕಷ್ಟ.

ಇದೆಲ್ಲಕ್ಕಿಂತ ನನಗೆ ಇಷ್ಟವಾಗುವ ಮಾತು ಇನ್ನೊಂದಿದೆ. ಗಂಡಸು, ಹೆಂಗಸು, ಹನ್ನೆರಡರ ಹುಡುಗಿ, ಅರವತ್ತೈದರ ತಾತ ಎಲ್ಲರೂ ಒಂದೇ ಗೆರೆಯ ಮೇಲೆ. ಪ್ರತಿ ವಿಭಾಗಕ್ಕೂ ಬೇರೆ ಮಾಪನ ಇಲ್ಲ. ಟೆನಿಸ್ಸಿನ ವೃತ್ತಿಪರ ರ್‍ಯಾಂಕಿಂಗಿನಲ್ಲಿ ಹೀಗೆ ಹೋಲಿಸೋಕೆ ಆಗೋದಿಲ್ಲ. ನಮ್ಮ ಮನೆಯಲ್ಲಿ ನನಗೂ ನನ್ನ ಮಗನಿಗೂ ನಡುವೆ ಈಗ ಮೂವತ್ತೊಂದು ಅಂಕದ ಅಂತರ. ಯಾರು ಮುಂದೆ ಅಂತ ಕೇಳಬೇಡಿ. ಊಟದ ಹೊತ್ತಿಗೆ ಅದನ್ನು ದಿನಾ ಯಾರೋ ಒಬ್ಬರು ನನಗೆ ನೆನಪಿಸ್ತಾರೆ.

ಈಗ ಪಾಯಿಂಟಿಗೆ ಬನ್ನಿ. ಇದರ ತತ್ವ ತುಂಬಾ ಸರಳ. ಒಂದು ಪಂದ್ಯಾವಳಿಯಲ್ಲಿ, ನಿಮ್ಮ ವಿಭಾಗದಲ್ಲಿ, ಎಷ್ಟು ಜನರನ್ನು ಹಿಂದೆ ಹಾಕಿದಿರಿ? ಆ ಸಂಖ್ಯೆಯನ್ನು ಪಂದ್ಯಾವಳಿಯ ದರ್ಜೆಗೆ ತಕ್ಕ ಗುಣಕದಿಂದ ಗುಣಿಸಿ. ದರ್ಜೆಗಳು ಸಿ, ಬಿ, ಎ, ಅದರ ಮೇಲೆ ಎಲೀಟ್, ಮೇಜರ್ ಹೀಗೆ. ಬಂದದ್ದು ನಿಮ್ಮ ಪಾಯಿಂಟು. ವರ್ಷವಿಡೀ ಕೂಡಿಸ್ತಾ ಹೋಗಿ. ಹವ್ಯಾಸಿಗಳ ವಿಶ್ವ ಚಾಂಪಿಯನ್‌ಶಿಪ್ಪಿಗೆ ಯಾರಿಗೆ ಕರೆ ಬರಬೇಕು ಅನ್ನೋದರಲ್ಲಿ ಈ ಮೊತ್ತಕ್ಕೆ ದೊಡ್ಡ ಪಾತ್ರ.

ಕೇಳೋದಕ್ಕೆ ನ್ಯಾಯವಾಗೇ ಇದೆ ಅಲ್ವಾ? ಈಗ ಇಬ್ಬರನ್ನು ಊಹಿಸಿಕೊಳ್ಳಿ. ಸೀನ ಮತ್ತು ನಾಣಿ ಅಂತ ಇಟ್ಕೊಳ್ಳೋಣ. ಒಂದೇ ವಿಭಾಗ, ಒಂದೇ ದರ್ಜೆಯ ಪಂದ್ಯಾವಳಿ, ಊರು ಮಾತ್ರ ಬೇರೆ. ಸೀನನ ಊರು ಚಿಕ್ಕದು. ಅಲ್ಲಿ ಆ ವಿಭಾಗಕ್ಕೆ ಬಂದವರು ಹನ್ನೆರಡು ಜನ. ಸೀನ ಜೀವಮಾನದ ಆಟ ಆಡಿ ಮೊದಲ ಸ್ಥಾನ ಬಂದ. ಹನ್ನೊಂದು ಜನರನ್ನು ಹಿಂದೆ ಹಾಕಿದ. ನಾಣಿ ದೊಡ್ಡ ನಗರದ ಪಕ್ಕ ಇದ್ದಾನೆ. ಅವನ ಪಂದ್ಯಾವಳಿಗೆ ತೊಂಬತ್ತು ಜನ. ನಾಣಿ ಆಕಳಿಸುತ್ತಾ ಆಡಿ 41ನೇ ಸ್ಥಾನ ಬಂದ. ಹಿಂದೆ ಉಳಿದವರು 49. ಗುಣಕ ಇಬ್ಬರಿಗೂ ಒಂದೇ. ಗೆದ್ದ ಸೀನನಿಗೆ ಸಿಕ್ಕಿದ್ದರ ನಾಲ್ಕು ಪಟ್ಟಿಗೂ ಹೆಚ್ಚು ಪಾಯಿಂಟು ನಲವತ್ತೊಂದನೇ ನಾಣಿಗೆ!

ಸೀನ ಸೋಲಿಸಿದ ಆ ಹನ್ನೊಂದು ಜನ ಯಾರು? 930, 940ರ ಗಟ್ಟಿ ಆಟಗಾರರಿರಬಹುದು. ನಾಣಿಯ ಹಿಂದಿನ 49 ಜನರಲ್ಲಿ ಎಷ್ಟೋ ಮಂದಿ ಮೊದಲ ಪಂದ್ಯಾವಳಿಗೆ ಬಂದು ತಟ್ಟೆಯನ್ನು ಕೆರೆಗೆ ಹಾಕಿದವರಿರಬಹುದು. ಪಾಯಿಂಟಿಗೆ ಅದು ಗೊತ್ತಿಲ್ಲ. ತಲೆ ಎಣಿಸೋದಷ್ಟೇ ಅದರ ಕೆಲಸ.

ಇಷ್ಟೇ ಆಗಿದ್ದರೂ ಸಹಿಸಿಕೊಳ್ಳಬಹುದಿತ್ತು. ನನಗೆ ಹೆಚ್ಚು ಚುಚ್ಚೋದು ಆ "ವರ್ಷವಿಡೀ ಕೂಡಿಸ್ತಾ ಹೋಗಿ" ಅನ್ನೋ ಭಾಗ. ಸರಾಸರಿ ಅಲ್ಲ, ಮೊತ್ತ. ಹಾಗಾಗಿ ಪಾಯಿಂಟು ಬೇಕೆಂದರೆ ಸುಲಭದ ದಾರಿ ಚೆನ್ನಾಗಿ ಆಡೋದಕ್ಕಿಂತ ಹೆಚ್ಚು ಆಡೋದು. ಪ್ರತಿ ವಾರಾಂತ್ಯ ಕಾರಿಗೆ ಪೆಟ್ರೋಲು, ಮೋಟೆಲ್ಲು, ಪ್ರವೇಶ ಶುಲ್ಕ. ಶನಿವಾರ ರಜೆ ಇಲ್ಲದ ಕೆಲಸದಲ್ಲಿರುವವನು, ಮನೆಯಲ್ಲಿ ಕೂಸಿರುವ ತಾಯಿ, ಕಾರಿಲ್ಲದ ವಿದ್ಯಾರ್ಥಿ ಇವರೆಲ್ಲ ಎಷ್ಟೇ ಚೆನ್ನಾಗಿ ಎಸೆದರೂ ಮೊತ್ತದ ಪಟ್ಟಿಯಲ್ಲಿ ಕೆಳಗೆ. ಒಂದೇ ಒಂದು ತಟ್ಟೆ ಕೊಂಡು ಪುಕ್ಕಟೆ ಪಾರ್ಕಿನಲ್ಲಿ ಆಡಬಹುದಾದ ಆಟ ಇದು ಅಂತ ಮೊದಲೇ ಹೇಳಿದ್ದೆನಲ್ಲ? ಬಡವರಿಗೂ ಬಾಗಿಲು ತೆರೆದ ಆಟ, ವಿಶ್ವ ಚಾಂಪಿಯನ್‌ಶಿಪ್ಪಿನ ಬಾಗಿಲಲ್ಲಿ ಮಾತ್ರ ಪೆಟ್ರೋಲ್ ಬಿಲ್ಲು ಕೇಳುತ್ತೆ.

ಹೋದ ಬೇಸಿಗೆಯಲ್ಲಿ ಮಗರಾಯ ಬಂದು, "ಅಪ್ಪ, ಮುಂದಿನ ವಾರ ನಾಲ್ಕು ಗಂಟೆ ದಾರಿ ಡ್ರೈವ್ ಮಾಡ್ತೀಯಾ? ಅಲ್ಲಿ ಜನ ಜಾಸ್ತಿ ಬರ್ತಾರೆ, ಪಾಯಿಂಟ್ ಜಾಸ್ತಿ ಸಿಗತ್ತೆ" ಅಂದ. ಕೋರ್ಸ್ ಹೇಗಿದೆ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಯಾರು ಬರ್ತಾರೆ, ನಿನಗಿಂತ ಚೆನ್ನಾಗಿ ಆಡೋರು ಇದ್ದಾರಾ ಅಂದೆ. "ಇಲ್ದಿದ್ರೆ ಒಳ್ಳೇದೇ ಅಲ್ವಾ?" ಅಂದ. ಹದಿನಾಲ್ಕರ ಹುಡುಗ, ಲೆಕ್ಕದಲ್ಲಿ ಚುರುಕು, ತಪ್ಪೇನೂ ಹೇಳಲಿಲ್ಲ. ಪದ್ಧತಿ ಏನು ಕೇಳುತ್ತೋ ಅದನ್ನೇ ಕೊಡೋಕೆ ಹೊರಟಿದ್ದ. ನಮ್ಮೂರಿನ ಪಾರ್ಕಿನಲ್ಲೇ ಪ್ರತಿ ಗುರುವಾರ ಸಂಜೆ ಇವನಿಗಿಂತ ಎಂಬತ್ತು ಅಂಕ ಮೇಲಿರುವ ಒಬ್ಬರು ಆಡ್ತಾರೆ. ಅವರ ಜತೆ ನಾಲ್ಕು ಗುರುವಾರ ನಡೆದರೆ ಕಲಿಯೋದು ಎಷ್ಟೋ ಇದೆ. ಪಾಯಿಂಟು ಮಾತ್ರ ಸೊನ್ನೆ. ಹೋಗಲಿಲ್ಲ ನಾವು. ಎರಡು ದಿನ ಮುಖ ಊದಿಸಿಕೊಂಡಿದ್ದ. ನನ್ನಾಕೆ ಮಾತ್ರ ನನ್ನ ಪರ, ಆದರೆ ಕಾರಣ ಬೇರೆ: "ತಟ್ಟೆ ಎಸೆಯೋಕೆ ಎಂಟು ಗಂಟೆ ಕಾರಲ್ಲಿ ಕೂರಬೇಕಾ? ಇಲ್ಲೇ ಅಡುಗೆಮನೇಲಿ ಬೇಕಾದಷ್ಟು ತಟ್ಟೆ ಇದೆ, ತೊಳೆದಿಡಿ ಇಬ್ಬರೂ."

ಹಾಗಾದರೆ ಪಾಯಿಂಟನ್ನು ಕಿತ್ತೆಸೆದು ರೇಟಿಂಗ್ ನೋಡಿಯೇ ಕರೆ ಕೊಡಲಿ ಅಂತೀರಾ? ನನ್ನ ಪರಿಚಯದ ಆಟಗಾರರಲ್ಲಿ ಎಷ್ಟೋ ಜನ ಹಾಗೇ ಅಂತಾರೆ. ನಾನು ಒಪ್ಪಲ್ಲ. ಯಾಕೆ ಅನ್ನೋದಕ್ಕೆ ಚೆಸ್ಸಿನ ಕಡೆ ನೋಡಿ. 2024ರ ಕ್ಯಾಂಡಿಡೇಟ್ಸ್ ಪಂದ್ಯಾವಳಿಗೆ ಒಂದು ಜಾಗ ರೇಟಿಂಗ್ ಮೇಲೆ, ಇನ್ನೊಂದು ಫಿಡೆ ಸರ್ಕ್ಯೂಟ್ ಪಾಯಿಂಟುಗಳ ಮೇಲೆ ಇತ್ತು. 2023ರ ಡಿಸೆಂಬರಿನಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ರೇಟಿಂಗ್ ಜಾಗಕ್ಕಾಗಿ ಅಲಿರೆಜಾ ಫಿರೂಜಾ ಫ್ರಾನ್ಸಿನ ಶಾರ್ತ್ರ್‌ನಲ್ಲಿ ತರಾತುರಿಯಲ್ಲಿ ಏರ್ಪಡಿಸಿದ ಮ್ಯಾಚುಗಳನ್ನು ಆಡಿದರು. ಗಲಾಟೆ ಆಯಿತು. ಆಮೇಲೆ ರೂಆನ್ ಎಂಬಲ್ಲಿ ಓಪನ್ ಪಂದ್ಯಾವಳಿಯಲ್ಲಿ ಏಳಕ್ಕೆ ಏಳೂ ಗೆದ್ದು ವೆಸ್ಲಿ ಸೋ ಅವರನ್ನು ದಾಟಿ ಜಾಗ ಹಿಡಿದರು. ಅದೇ ತಿಂಗಳು ಚೆನ್ನೈಯಲ್ಲಿ ಕೊನೇ ಗಳಿಗೆಯಲ್ಲಿ ಒಂದು ಗ್ರ್ಯಾಂಡ್‌ಮಾಸ್ಟರ್ ಪಂದ್ಯಾವಳಿ ನಡೆಯಿತು. ಗುಕೇಶ್ ಗೆದ್ದರು, ಸರ್ಕ್ಯೂಟ್ ಪಾಯಿಂಟಿನ ಜಾಗ ಅವರಿಗೆ ಸಿಕ್ಕಿತು. ಅಲ್ಲಿಂದ ಹೋಗಿ 2024ರ ಏಪ್ರಿಲಿನಲ್ಲಿ ಕ್ಯಾಂಡಿಡೇಟ್ಸ್ ಗೆದ್ದು, ಡಿಸೆಂಬರಿನಲ್ಲಿ ವಿಶ್ವ ಚಾಂಪಿಯನ್ನೇ ಆದರು. ಚೆನ್ನೈ ಪಂದ್ಯಾವಳಿಯನ್ನು ನಾವೆಲ್ಲ ಹೆಮ್ಮೆಯಿಂದ ನೋಡಿದೆವು, ಶಾರ್ತ್ರ್ ಕಂಡು ಮೂಗು ಮುರಿದೆವು. ನಿಜ ಹೇಳಬೇಕಂದ್ರೆ ಎರಡಕ್ಕೂ ಪ್ರೇರಣೆ ಒಂದೇ, ವರ್ಷ ಮುಗಿಯೋದರೊಳಗೆ ಸಂಖ್ಯೆ ಸರಿಮಾಡಿಕೊಳ್ಳೋದು.

ರೇಟಿಂಗಿಗೆ ಬಾಗಿಲ ಬೀಗದಕೈ ಕೊಟ್ಟ ದಿನ ಜನ ರೇಟಿಂಗ್ ಕಾಯೋಕೆ ಕೂರ್ತಾರೆ. ಡಿಸ್ಕ್ ಗಾಲ್ಫಿನಲ್ಲೂ ಅದರ ವಾಸನೆ ಆಗಲೇ ಇದೆ. ಸುತ್ತು ಕೆಟ್ಟಿತು ಅಂತ ಗೊತ್ತಾದ ಮೇಲೆ ಹನ್ನೆರಡನೇ ಬುಟ್ಟಿಯ ಹತ್ತಿರ ಇದ್ದಕ್ಕಿದ್ದಂತೆ ಕೆಲವರ ಮಂಡಿ ನೋಯೋಕೆ ಶುರುವಾಗುತ್ತೆ. ಚೀಲ ಹೆಗಲಿಗೇರಿಸಿ ಹೊರಡ್ತಾರೆ. ಮುಗಿಸದ ಸುತ್ತಿಗೆ ರೇಟಿಂಗ್ ಇಲ್ಲ ನೋಡಿ! ಇಂಥವರಿಗೆ ಇನ್ನೂ ದೊಡ್ಡ ಆಮಿಷ ಒಡ್ಡಿದರೆ ಪಂದ್ಯಾವಳಿಗಳೇ ಖಾಲಿ ಹೊಡೆಯುತ್ತವೆ. ಪಂದ್ಯಾವಳಿ ನಡೆಸೋರು ಬಹುತೇಕ ಸ್ವಯಂಸೇವಕರು. ಬೆಳಗ್ಗೆ ಐದಕ್ಕೆ ಎದ್ದು ಪಾರ್ಕಿನಲ್ಲಿ ಹಗ್ಗ ಕಟ್ಟೋರು. ಹತ್ತು ಜನ ಬರೋ ಕಡೆ ಇಪ್ಪತ್ತು ಜನ ಬರಲಿ ಅನ್ನೋ ಆಸೆಗೇ ಪಾಯಿಂಟು ಇರೋದು. ಬಂದು ಆಡಿದವರಿಗೆ ಏನಾದರೂ ಸಿಗಬೇಕು ಅನ್ನೋದು ತಪ್ಪಲ್ಲ.

ರೇಟಿಂಗಿಗೆ ಕಾಣದ ವಿಷಯವೂ ಒಂದಿದೆ. 2021ರ ವಿಶ್ವ ಚಾಂಪಿಯನ್‌ಶಿಪ್, ಯೂಟಾದ ಆಗ್ಡೆನ್. ಕೊನೆಯ ಬುಟ್ಟಿಯಲ್ಲಿ ಜೇಮ್ಸ್ ಕಾನ್ರಾಡ್ ಒಂದು ಎಸೆತ ಹಿಂದೆ. ಮುಂದೆ ಇದ್ದದ್ದು ಪಾಲ್ ಮೆಕ್‌ಬೆತ್, ಆಗಲೇ ಐದು ಸಲ ವಿಶ್ವ ಚಾಂಪಿಯನ್, ಅದೇ ವರ್ಷ ಡಿಸ್‌ಕ್ರಾಫ್ಟ್ ಕಂಪನಿಯ ಜತೆ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡವರು. ಕಾನ್ರಾಡ್ ಸುಮಾರು 250 ಅಡಿ ದೂರದಿಂದ ಎಸೆದರು. ತಟ್ಟೆ ನೇರ ಹೋಗಿ ಸರಪಳಿಗೆ ಬಡಿದು ಬುಟ್ಟಿಯೊಳಗೆ! ಸಮ ಆಯಿತು, ಪ್ಲೇಆಫ್‌ನಲ್ಲಿ ಕಾನ್ರಾಡ್ ಗೆದ್ದರು. ಯೂಟ್ಯೂಬಿನಲ್ಲಿ ಇದೆ, ಆಟ ಗೊತ್ತಿಲ್ಲದವರೂ ನೋಡಿ, ಮೈ ಜುಂ ಅನ್ನುತ್ತೆ. ರೇಟಿಂಗ್ ಲೆಕ್ಕದಲ್ಲಿ ಅದರ ಬೆಲೆ? ಒಂದು ಎಸೆತ. ಮೂರಡಿ ದೂರದಿಂದ ತಪ್ಪದೆ ಹಾಕಿದ ಒಂದು ಎಸೆತದಷ್ಟೇ. ಅತ್ತ ಮೆಕ್‌ಬೆತ್ 2018ರಲ್ಲಿ ಮಿಷಿಗನ್ನಿನ ಗ್ರೇಟ್ ಲೇಕ್ಸ್ ಓಪನ್‌ನಲ್ಲಿ ಪಾರ್‌ಗಿಂತ 18 ಕಡಿಮೆ ಆಡಿದ ಸುತ್ತು 1132 ಅಂತ ರೇಟ್ ಆಯಿತು. ಆ ಸಂಖ್ಯೆ ಆ ದಿನವನ್ನು ಎಷ್ಟು ಚೆನ್ನಾಗಿ ಹೇಳುತ್ತೆ! ಸಾವಿರದ ಆಟಗಾರನಿಗಿಂತ 132 ಮೇಲೆ. ಒಬ್ಬರ ದಿನವನ್ನು ಪೂರ್ತಿ ಹಿಡಿದ ಅಳತೆ ಇನ್ನೊಬ್ಬರ ಗಳಿಗೆಯನ್ನು ಹಿಡಿಯಲೇ ಇಲ್ಲ. ಎದುರಾಳಿಯನ್ನು ಸೋಲಿಸುವುದು ಅಂತ ಒಂದಿದೆಯಲ್ಲ, ಅದನ್ನು ಎಣಿಸೋದಕ್ಕೆ ಪಾಯಿಂಟೇ ಬೇಕು.

ಅದಕ್ಕೆ ನಾನು ಹೇಳೋದು ಪಾಯಿಂಟು ಇರಲಿ, ಆದರೆ ಎರಡು ರಿಪೇರಿ ಆಗಲಿ ಅಂತ.

ಒಂದು, ವರ್ಷದ ಎಲ್ಲ ಪಂದ್ಯಾವಳಿಗಳನ್ನೂ ಕೂಡಿಸೋದು ಬಿಟ್ಟು, ಅತ್ಯುತ್ತಮ ಐದೋ ಆರೋ ಮಾತ್ರ ಎಣಿಸಲಿ. ಟೆನಿಸ್ಸಿನವರೂ ಸಂಖ್ಯೆಗೆ ಮಿತಿ ಹಾಕಿಯೇ ಎಣಿಸೋದು. ಐದು ವಾರಾಂತ್ಯ ಯಾರು ಬೇಕಾದರೂ ಹೊಂದಿಸಿಕೊಳ್ಳಬಹುದು, ನರ್ಸ್ ಆಗಲಿ, ಟ್ರಕ್ ಡ್ರೈವರ್ ಆಗಲಿ. ಮೂವತ್ತು ವಾರಾಂತ್ಯ ಓಡುವವನಿಗೆ ಮೂವತ್ತು ಅವಕಾಶ ಇದ್ದೇ ಇರುತ್ತೆ, ಅದು ಅವನ ಲಾಭ. ಆದರೆ ಸಾಧಾರಣ ಆಟಗಳನ್ನು ಪೇರಿಸಿ ಗುಡ್ಡ ಮಾಡೋಕೆ ಆಗಲ್ಲ.

ಎರಡು, ತಲೆ ಎಣಿಸೋದು ನಿಲ್ಲಿಸಿ ತಲೆಯ ತೂಕ ನೋಡಲಿ. ಸೋಲಿಸಿದವನ ರೇಟಿಂಗ್ ಎಷ್ಟು ಅಂತ ಪಿಡಿಜಿಎ ಹತ್ತಿರ ಇದ್ದೇ ಇದೆ. 940ರವನನ್ನು ಹಿಂದೆ ಹಾಕಿದರೆ ಜಾಸ್ತಿ, 820ರವನನ್ನು ಹಾಕಿದರೆ ಕಡಿಮೆ. ಸೀನನ ಹನ್ನೊಂದು ಜನ ಆಗ ನಾಣಿಯ ನಲವತ್ತೊಂಬತ್ತರ ಹತ್ತಿರಕ್ಕಾದರೂ ಬರ್ತಾರೆ. ನನ್ನ ಮಗ ನಾಲ್ಕು ಗಂಟೆ ದಾರಿ ಹೋಗೋಣ ಅಂದಾಗ "ಅಲ್ಲಿ ಗಟ್ಟಿಗರು ಬರ್ತಾರೆ ಅಪ್ಪ" ಅನ್ನೋ ಕಾರಣ ಕೊಡ್ತಾನೆ. ಆಗ ನಾನೇ ಟ್ಯಾಂಕ್ ತುಂಬಿಸ್ತೀನಿ.

ಎರಡನೆಯದಕ್ಕೆ ಒಂದು ತೊಡಕಿದೆ, ಮುಚ್ಚಿಡಲ್ಲ. ರೇಟಿಂಗ್ ಅನ್ನೋದು ಜನರ ಮೂಲಕ ಊರಿಂದೂರಿಗೆ ಹರಿಯುವ ವಸ್ತು. ಫಿನ್ಲೆಂಡ್, ಎಸ್ಟೋನಿಯಾದಲ್ಲಿ ಈ ಆಟಕ್ಕೆ ವಿಪರೀತ ಜನ. ಅಲ್ಲಿನ 940 ಮತ್ತು ಟೆಕ್ಸಸ್ಸಿನ 940 ಒಂದೇನಾ ಅನ್ನೋದು ಎರಡೂ ಕಡೆ ಆಡುವ ಕೆಲವೇ ಆಟಗಾರರಿಂದ ಗೊತ್ತಾಗಬೇಕು. ಹೊರಗಿನವರೇ ಬಾರದ ಊರಿನಲ್ಲಿ ಎಲ್ಲರೂ ಒಟ್ಟಿಗೆ ಸುಧಾರಿಸಿದರೆ ಯಾರ ರೇಟಿಂಗೂ ಏರೋದಿಲ್ಲ, ಯಾಕಂದ್ರೆ ಅವರವರೇ ಒಬ್ಬರಿಗೊಬ್ಬರು ಅಳತೆ. ಅಂಥ ಊರಿನವರನ್ನು ಸೋಲಿಸಿದವನಿಗೆ ನನ್ನ ಪದ್ಧತಿಯಲ್ಲಿ ಸ್ವಲ್ಪ ಅನ್ಯಾಯ ಆಗುತ್ತೆ. ಆದರೂ ತಲೆ ಎಣಿಕೆಯಲ್ಲಿ ಆಗುವಷ್ಟು ಆಗಲ್ಲ.

"ಇಷ್ಟೆಲ್ಲ ಲೆಕ್ಕ ಯಾರು ಮಾಡ್ತಾರೆ, ಆಟಗಾರರಿಗೆ ಅರ್ಥವಾಗಬೇಕಲ್ಲ" ಅಂತ ಕ್ಲಬ್ಬಿನಲ್ಲಿ ಒಬ್ಬ ಹಿರಿಯರು ನನ್ನ ಬಾಯಿ ಮುಚ್ಚಿಸೋಕೆ ನೋಡಿದರು. ಅದೇ ಹಿರಿಯರು ಹೋದ ಭಾನುವಾರ ಕೊನೆಯ ಬುಟ್ಟಿಯಿಂದ ಪಾರ್ಕಿಂಗಿಗೆ ನಡೆದು ಬರುವಷ್ಟರಲ್ಲೇ ಫೋನು ತೆಗೆದು, ಪಿಡಿಜಿಎ ಲೈವ್‌ನಲ್ಲಿ ತಮ್ಮ ಸುತ್ತಿನ ಅನಧಿಕೃತ ರೇಟಿಂಗ್ ನೋಡ್ತಾ ಇದ್ದರು. 887 ಬಂದಿತ್ತು. ಗಾಳಿಯ ಲೆಕ್ಕ ಸರಿಯಾಗಿ ಹಿಡಿದಿಲ್ಲ, ಇನ್ನೂ ಮೂರು ಗುಂಪಿನ ಸ್ಕೋರು ಬಂದರೆ ಏರುತ್ತೆ ಅಂತ ನನಗೇ ವಿವರಿಸಿದರು.